ಅಪ್ಪನ ಹೆಸರಿನ ಉತಾರ ಮಕ್ಕಳ ಹೆಸರಿಗೆ: ಯಾವ ಕಾಗದ ಮೊದಲು, ಯಾವುದು ಆಮೇಲೆ

ಗೋಕಾಕ, ಜಮಖಂಡಿ, ಇಂಡಿ ಕಡೆಯ ಎಷ್ಟೋ ಹೊಲಗಳ ಉತಾರದಲ್ಲಿ (ಪಹಣಿಯಲ್ಲಿ) ಇಂದಿಗೂ ತೀರಿಹೋದ ಅಜ್ಜನ ಹೆಸರೇ ಇದೆ. ಬಿತ್ತುವುದು, ರಾಶಿ ಮಾಡುವುದು ನಡೆದೇ ಇರುತ್ತದೆ. ಪಿಕೆಪಿಎಸ್‌ನಲ್ಲಿ (ಕೃಷಿ ಪತ್ತಿನ ಸಹಕಾರಿ ಸಂಘದಲ್ಲಿ) ಬೆಳೆಸಾಲ ಕೇಳಿದಾಗ, ಬೆಳೆ ಪರಿಹಾರ ಬಂದಾಗ, ಕಾಲುವೆಗೋ ಮುಳುಗಡೆಗೋ ಭೂಮಿ ಹೋದಾಗ ಕೆಲಸ ನಿಲ್ಲುತ್ತದೆ. ಅಷ್ಟರಲ್ಲಿ ವಾರಸುದಾರರಲ್ಲೂ ಕೆಲವರು ತೀರಿಕೊಂಡು, ನಾಲ್ಕು ಸಹಿ ಸಾಕಾಗುತ್ತಿದ್ದಲ್ಲಿ ಹದಿನಾಲ್ಕು ಬೇಕಾಗಿರುತ್ತವೆ. ಮೊದಲ ವರ್ಷದಲ್ಲೇ ಮುಗಿಸಿದರೆ ಇದು ಅಷ್ಟು ಕಷ್ಟದ ಕೆಲಸವಲ್ಲ.

ಮರಣ ಪ್ರಮಾಣಪತ್ರ

ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ತಡವಾದರೆ ದಂಡ, ಒಂದು ವರ್ಷ ದಾಟಿದರೆ ಮೇಲಧಿಕಾರಿಯ ಆದೇಶ ಬೇಕು. ನೋಂದಣಿಗೆ ಹೋಗುವ ಮುಂಚೆ ಉತಾರ, ಆಧಾರ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ನೋಡಿ. ಒಂದರಲ್ಲಿ ಅಡ್ಡಹೆಸರು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಒಂದರಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸವಣ್ಣೆಪ್ಪ. ಪ್ರಮಾಣಪತ್ರದಲ್ಲಿ ಬಂದ ತಪ್ಪು ಮುಂದಿನ ಪ್ರತಿ ಕಚೇರಿಯಲ್ಲೂ ಅಡ್ಡ ಬರುತ್ತದೆ. ಹತ್ತು ಪ್ರತಿಯಾದರೂ ತೆಗೆದಿಟ್ಟುಕೊಳ್ಳಿ.

ವಂಶಾವಳಿ: ಇಲ್ಲಿ ಅವಸರ ಬೇಡ

ಮುಂದಿನ ಕಾಗದಗಳೆಲ್ಲ ನಿಲ್ಲುವುದು ಇದರ ಮೇಲೆ. ಪ್ರಮಾಣಿತ ಹೇಳಿಕೆಯೊಂದಿಗೆ (ಅಫಿಡವಿಟ್) ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ, ಗ್ರಾಮ ಆಡಳಿತ ಅಧಿಕಾರಿ (ಜನರ ಬಾಯಲ್ಲಿ ಇನ್ನೂ ತಲಾಟಿ) ಊರಲ್ಲಿ ವಿಚಾರಿಸಿ ವರದಿ ಕೊಡುತ್ತಾರೆ.

ಹೆಚ್ಚಿನ ಜಗಳ ಹುಟ್ಟುವುದೂ ಇಲ್ಲೇ. ‘ಮದುವೆಯಲ್ಲಿ ಕೊಟ್ಟಾಗಿದೆ’ ಎಂದು ಅಕ್ಕತಂಗಿಯರ ಹೆಸರು ಬಿಡುತ್ತಾರೆ. ಹೆಸರು ಬಿಟ್ಟರೆ ಹಕ್ಕು ಹೋಗುವುದಿಲ್ಲ, ದಾವೆ ಮಾತ್ರ ಬರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಮೃತ್ಯುಪತ್ರವಿಲ್ಲದೆ ತೀರಿಕೊಂಡವನ ಸ್ವಂತ ಗಳಿಕೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮಪಾಲು. ತಾಯಿಯನ್ನು ಮರೆಯುವವರೇ ಬಹಳ. ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದರೆ ಐದು ಪಾಲು. ಮೊದಲೇ ತೀರಿಕೊಂಡ ಮಗನ ಪಾಲು ಅವನ ಹೆಂಡತಿ ಮಕ್ಕಳಿಗೆ. ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯ ನಂತರ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿದೆ.

ಮುಸ್ಲಿಂ ಕುಟುಂಬಗಳಲ್ಲಿ ಅಂತ್ಯಕ್ರಿಯೆಯ ಖರ್ಚು ಮತ್ತು ಸಾಲ ಕಳೆದ ಮೇಲೆ ಪಾಲು. ಮಕ್ಕಳಿದ್ದರೆ ಹೆಂಡತಿಗೆ ಎಂಟನೆಯ ಒಂದು ಭಾಗ, ಮಗನಿಗೆ ಮಗಳ ಎರಡರಷ್ಟು. ವಸೀಯತ್ ಮೂರನೆಯ ಒಂದು ಭಾಗವನ್ನು ಮೀರಿದರೆ ವಾರಸುದಾರರ ಒಪ್ಪಿಗೆ ಬೇಕು.

ಹೊಲ

ಮರಣ ಪ್ರಮಾಣಪತ್ರ, ವಂಶಾವಳಿ, ಚಾಲ್ತಿ ಉತಾರ, ಎಲ್ಲ ವಾರಸುದಾರರ ಆಧಾರ್ ಸೇರಿಸಿ ನಾಡಕಚೇರಿಯಲ್ಲಿ ಪೌತಿ ವಾರಸಾ (ತೀರಿಕೊಂಡವರ ಹೆಸರಿನ ಜಾಗಕ್ಕೆ ವಾರಸುದಾರರ ಹೆಸರು ತರುವ) ಅರ್ಜಿ ಕೊಡಿ. 1964ರ ಭೂಕಂದಾಯ ಕಾಯ್ದೆಯ 128ನೇ ಕಲಂ ಹೀಗೆ ತಿಳಿಸಲು ಕೊಡುವ ಅವಧಿ ಮೂರು ತಿಂಗಳು. ನೋಟಿಸು ಹೊರಟು, ತಕರಾರು ಬಾರದಿದ್ದರೆ ಕಂದಾಯ ನಿರೀಕ್ಷಕರು ಮಂಜೂರು ಮಾಡುತ್ತಾರೆ. ಹೊಸ ಉತಾರ ಕೈಗೆ ಬಂದಾಗ 9ನೇ ಕಾಲಂನಲ್ಲಿ ಎಲ್ಲರ ಹೆಸರು ಬಂದಿದೆಯೇ, 11ನೇ ಕಾಲಂನಲ್ಲಿ ತೀರಿದ ಸಾಲದ ಬೋಜಾ (ಋಣಭಾರ) ಹಾಗೇ ಉಳಿದಿದೆಯೇ ನೋಡಿ.

ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ತೀರ್ಮಾನವಾಗುವುದಿಲ್ಲ, ಅದು ಕಂದಾಯದ ದಾಖಲೆ ಅಷ್ಟೇ. ತಂಗಿ ಮನಸಾರೆ ಪಾಲು ಬಿಟ್ಟರೂ ಉಪನೋಂದಣಿ ಕಚೇರಿಯಲ್ಲಿ ಹಕ್ಕುಬಿಡುಗಡೆ ಪತ್ರ ನೋಂದಾಯಿಸಬೇಕು. ತಲಾಟಿ ಮುಂದೆ ಕೊಟ್ಟ ವರ್ದಿಯನ್ನು (ಹೇಳಿಕೆಯನ್ನು) ನಂಬಿ ಕೂತ ಮನೆಗಳು ಮೂವತ್ತು ವರ್ಷದ ಮೇಲೂ ಕೋರ್ಟ್ ಮೆಟ್ಟಿಲು ಹತ್ತುತ್ತಿವೆ. ವಾರಸುದಾರರಲ್ಲಿ ಹದಿನೆಂಟು ತುಂಬದವರಿದ್ದರೆ, ಅವರ ಪಾಲನ್ನು ಮಾರಲು ಅಥವಾ ಬಿಟ್ಟುಕೊಡಲು ನ್ಯಾಯಾಲಯದ ಅನುಮತಿ ಬೇಕು. ತಾಯಿಯ ಸಹಿ ಸಾಲದು.

ಮನೆ

ಹಳ್ಳಿಯಲ್ಲಾದರೆ ಪಂಚಾಯಿತಿಯ ಇ-ಸ್ವತ್ತು ದಾಖಲೆಯಲ್ಲಿ ಹೆಸರು ಬದಲಿಸಬೇಕು. ಬೆಳಗಾವಿ, ವಿಜಯಪುರದಂಥ ಪಟ್ಟಣದಲ್ಲಿ ಪಾಲಿಕೆಯ ಖಾತೆ ಒಂದು, ಸಿಟಿ ಸರ್ವೆ ಕಚೇರಿಯ ಸಿಟಿಎಸ್ ಉತಾರ ಇನ್ನೊಂದು. ಪಾಲಿಕೆಯಲ್ಲಿ ಹೆಸರು ಬದಲಿಸಿ ಎರಡನೆಯದನ್ನು ಮರೆತರೆ, ಬ್ಯಾಂಕಿನಲ್ಲಿ ಮನೆ ಅಡವಿಡಲು ಹೋದ ದಿನ ಗೊತ್ತಾಗುತ್ತದೆ.

ಮೃತ್ಯುಪತ್ರ ಇದ್ದರೆ

ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ನೋಂದಾಯಿಸಿದ್ದರೆ, ಮರಣ ಪ್ರಮಾಣಪತ್ರ ತೋರಿಸಿ ಉಪನೋಂದಣಿ ಕಚೇರಿಯಿಂದ ನಕಲು ಪಡೆಯಬಹುದು. ‘ನಮ್ಮದು ಹಳೇ ಮುಂಬೈ ಪ್ರಾಂತ, ಪ್ರೊಬೇಟ್ (ಮೃತ್ಯುಪತ್ರಕ್ಕೆ ಕೋರ್ಟಿನ ದೃಢೀಕರಣ) ಆಗಲೇಬೇಕು’ ಎನ್ನುವ ಮಾತು ಈ ಭಾಗದಲ್ಲಿ ಆಗಾಗ ಕೇಳುತ್ತದೆ. ಆ ಕಟ್ಟುಪಾಡು ಇದ್ದದ್ದು ಮುಂಬೈ ನಗರದಂಥ ಕೆಲವು ಕಡೆಗೆ, ನಮ್ಮ ಜಿಲ್ಲೆಗಳಿಗೆ ಅಲ್ಲ. ಆದರೆ ಯಾರಾದರೂ ತಕರಾರು ತೆಗೆದರೆ ಕಂದಾಯ ಅಧಿಕಾರಿ ಮೃತ್ಯುಪತ್ರದ ಸತ್ಯಾಸತ್ಯ ತೀರ್ಮಾನಿಸಲಾರರು, ಅದು ಸಿವಿಲ್ ನ್ಯಾಯಾಲಯದ ಕೆಲಸ. ಆಗ ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಬದುಕಿದ್ದು ಬಂದು ಹೇಳುವಂತಿದ್ದರೆ ದೊಡ್ಡ ಆಸರೆ.

ಬ್ಯಾಂಕು, ಸೊಸೈಟಿ, ಕಾರ್ಖಾನೆ

ಎಟಿಎಂ ಪಿನ್ ಗೊತ್ತಿದೆಯೆಂದು ಹಣ ತೆಗೆಯಬೇಡಿ. ಅಂತ್ಯಕ್ರಿಯೆಗೇ ಖರ್ಚು ಮಾಡಿದರೂ ಅಣ್ಣತಮ್ಮಂದಿರ ನಡುವೆ ಮೊದಲ ಸಂಶಯ ಅಲ್ಲಿಂದಲೇ ಶುರುವಾಗುತ್ತದೆ. ನಾಮಿನಿ ಹಣ ತೆಗೆದುಕೊಂಡು ವಾರಸುದಾರರಿಗೆ ಮುಟ್ಟಿಸುವವನು, ಅದರ ಒಡೆಯನಲ್ಲ. ನಾಮಿನಿ ಇಲ್ಲದ ಖಾತೆಯಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಾದರೆ 5 ಲಕ್ಷದವರೆಗೆ, ತಕರಾರು ಇಲ್ಲದಿದ್ದರೆ ಕೋರ್ಟ್ ಆದೇಶ ಕೇಳದೆ ಸರಳ ವಿಧಾನದಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ನಿಯಮ ಮಾಡಿದೆ. ದಾಖಲೆ ಪೂರ್ತಿಯಾದ 15 ದಿನದಲ್ಲಿ ಇತ್ಯರ್ಥ ಆಗಬೇಕು. ಪತ್ತಿನ ಸಂಘಗಳು ಬ್ಯಾಂಕುಗಳಲ್ಲ, ಅವುಗಳ ಉಪವಿಧಿಯನ್ನು ಬೇರೆಯಾಗಿ ಕೇಳಿ ತಿಳಿಯಬೇಕು.

ಮೊತ್ತ ದೊಡ್ಡದಿದ್ದರೆ ಅಥವಾ ತಕರಾರಿದ್ದರೆ, ಹಣ ಪಡೆಯುವ ಹಕ್ಕು ಯಾರಿಗೆಂದು ಹೇಳುವ ಸಕ್ಸೆಷನ್ ಸರ್ಟಿಫಿಕೇಟ್‌ಗೆ ನ್ಯಾಯಾಲಯಕ್ಕೆ ಅರ್ಜಿ. ಇದು ಠೇವಣಿ, ಷೇರು, ಬರಬೇಕಾದ ಸಾಲಕ್ಕೆ ಮಾತ್ರ, ಹೊಲಮನೆಗೆ ಅಲ್ಲ. ಪಟ್ಟಿಯಲ್ಲಿ ಬರೆಯದ ಠೇವಣಿಗೆ ಆ ಸರ್ಟಿಫಿಕೇಟ್ ನಡೆಯುವುದಿಲ್ಲ, ವಿಸ್ತರಣೆಗೆ ಮತ್ತೆ ಅರ್ಜಿ ಹಾಕಬೇಕು. ಆದ್ದರಿಂದ ಟ್ರಂಕಿನಲ್ಲಿರುವ ಎಲ್ಲ ರಸೀದಿ, ವಿಮೆ ಬಾಂಡು, ಸಕ್ಕರೆ ಕಾರ್ಖಾನೆಯ ಷೇರು, ಬಾಕಿ ಕಬ್ಬಿನ ಬಿಲ್ಲು ಹುಡುಕಿ ಮುಗಿಸಿಯೇ ವಕೀಲರ ಹತ್ತಿರ ಹೋಗಿ.

ಸಾಲ

ತೀರಿಕೊಂಡವರ ಸಾಲಕ್ಕೆ ವಾರಸುದಾರರು ಹೊಣೆ, ಆದರೆ ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ವಸೂಲಿಗೆ ಬಂದವರು ಕೇಳಿದರೆಂದು ಹೊಸ ಸಾಲಪತ್ರಕ್ಕೋ ಜಾಮೀನಿಗೋ ಸಹಿ ಹಾಕಿದರೆ ಅದು ನಿಮ್ಮ ಸ್ವಂತ ಸಾಲವಾಗುತ್ತದೆ. ಸಾಲಕ್ಕೆ ವಿಮೆ ಇತ್ತೇ ಎಂದು ಮೊದಲು ಕೇಳಿ.

ದಿನಾಂಕ ತಪ್ಪಿಸಬಾರದ ಎರಡು ಕೆಲಸ

ವಾಹನ ಇದ್ದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಕೊಡಬೇಕು. ಇನ್ನು, ತೀರಿಕೊಂಡವರ ಹೆಸರಿನಲ್ಲಿ ಸಿವಿಲ್ ದಾವೆ ನಡೆಯುತ್ತಿದ್ದರೆ ವಾರಸುದಾರರು 90 ದಿನದೊಳಗೆ ಕಡತಕ್ಕೆ ಬರಬೇಕು. ಇಲ್ಲದಿದ್ದರೆ ದಾವೆ ಬಿದ್ದುಹೋಗಬಹುದು, ಮತ್ತೆ ಎಬ್ಬಿಸಲು ಕಾರಣ ಕೊಟ್ಟು ಬೇರೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರದ ಮೊದಲ ಪ್ರತಿಯನ್ನು ಆ ವಕೀಲರಿಗೇ ಕೊಡಿ.