ಕೊಬ್ಬರಿ ಎಣ್ಣೆ ಗಟ್ಟಿಯಾಯ್ತಾ? ಹಾಗಾದ್ರೆ ಚಳಿಗಾಲದ ಆರೈಕೆ ಶುರುಮಾಡಿ

ಬಚ್ಚಲ ಗೂಡಿನಲ್ಲಿಟ್ಟ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಯಿತು ಅಂದರೆ ಚಳಿ ಬಂತು ಅಂತಲೇ ಲೆಕ್ಕ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟುತ್ತದೆ. ಆಗ ಮೊಣಕಾಲಿನ ಕೆಳಗೆ ಉಗುರಿನಿಂದ ಮೆಲ್ಲಗೆ ಗೀಚಿ ನೋಡಿ. ಬಿಳಿ ಗೆರೆ ಮೂಡಿತಾ? ಚರ್ಮ ಒಣಗಿದೆ. ಶಾಲೆಯಲ್ಲಿ ನಾವು ಹೀಗೆ ಕಾಲ ಮೇಲೆ ಹೆಸರನ್ನೇ ಬರೆದುಕೊಳ್ಳುತ್ತಿದ್ದೆವು.

ಮೊದಲು ಸ್ನಾನ ಸರಿಮಾಡಿಕೊಳ್ಳಿ. ಚಳಿಗಾಲದ ಗಾಳಿಯಲ್ಲಿ ತೇವ ಕಡಿಮೆ, ಅದಕ್ಕೆ ನಾವೇನೂ ಮಾಡುವಂತಿಲ್ಲ. ಆದರೆ ಹಬೆಯಾಡುವ ನೀರು ಸುರಿದುಕೊಂಡು ಮೈಯ ಎಣ್ಣೆ ಪಸೆಯನ್ನೆಲ್ಲ ತೊಳೆದು ಹಾಕುವವರು ನಾವೇ. ಹಂಡೆ ಖಾಲಿಯಾಗುವ ತನಕ ಮಿಂದು, ಆಮೇಲೆ ಮೈಯೆಲ್ಲ ಕೆರೆದುಕೊಂಡು ಕೂತವರಲ್ಲಿ ನಾನೂ ಒಬ್ಬಳು. ನೀರು ಉಗುರುಬೆಚ್ಚಗಿದ್ದರೆ ಸಾಕು. ಹತ್ತು ನಿಮಿಷದೊಳಗೆ ಮುಗಿಸಿ. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಇರಲಿ, ಕೈಕಾಲಿಗೆ ದಿನಾ ಬೇಡ. ಕಡಲೆಹಿಟ್ಟನ್ನೂ ತಿಕ್ಕಿ ತಿಕ್ಕಿ ಹಚ್ಚಬೇಡಿ, ಅದೂ ಪಸೆ ಹೀರುತ್ತದೆ.

ಆಮೇಲಿನ ಮೂರು ನಿಮಿಷ ಮುಖ್ಯ. ಟವೆಲ್‌ನಿಂದ ಉಜ್ಜದೆ ಒತ್ತಿಕೊಳ್ಳಿ. ಮೈ ಇನ್ನೂ ಕೊಂಚ ಒದ್ದೆ ಇರುವಾಗಲೇ ಎಣ್ಣೆಯನ್ನೋ ವ್ಯಾಸಲಿನ್ನನ್ನೋ ಸವರಿ. ಇವು ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಆರಿಹೋಗದಂತೆ ತಡೆಯುತ್ತವೆ. ಸ್ನಾನಕ್ಕೆ ಕೂರುವ ಮುಂಚೆ ಎಣ್ಣೆ ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸಿದರೆ ಅಷ್ಟೊತ್ತಿಗೆ ಕರಗಿರುತ್ತದೆ. ಮೊಡವೆ ಏಳುವ ಮುಖಕ್ಕೆ ಮಾತ್ರ ಕೊಬ್ಬರಿ ಎಣ್ಣೆ ಬೇಡ. ತುಟಿ ನೆಕ್ಕಬೇಡಿ, ಇನ್ನಷ್ಟು ಒಣಗುತ್ತದೆ. ಒಂದು ತೊಟ್ಟು ತುಪ್ಪ ಸಾಕು.

ಇನ್ನು ಮನಸ್ಸು. ಚಳಿಗಾಲದ ಮಂಕಿಗೆ ಬೆಳಕಿನ ಕೊರತೆ ಕಾರಣ ಅನ್ನುತ್ತಾರೆ. ಸ್ಟಾಕ್‌ಹೋಮ್‌ನಲ್ಲಿರುವ ನಮ್ಮವರು ಹಾಗಂದರೆ ಒಪ್ಪೋಣ, ಅಲ್ಲಿ ಡಿಸೆಂಬರ್ ಕೊನೆಯ ಹಗಲು ಆರು ಗಂಟೆಯಷ್ಟೇ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆ ದಾಟುತ್ತದೆ. ಬಿಸಿಲು ಇದೆ, ನಾವು ರಗ್ಗಿನೊಳಗಿದ್ದೇವೆ, ಅಷ್ಟೇ ಅಲ್ವಾ?

ಎದ್ದ ಒಂದು ಗಂಟೆಯೊಳಗೆ ಹೊರಗೆ ಬನ್ನಿ. ಅರ್ಧ ಗಂಟೆ ಇರಿ. ಕಿಟಕಿ ಪಕ್ಕ ಕೂತರೆ ಅಷ್ಟು ಬೆಳಕು ಸಿಗುವುದಿಲ್ಲ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಸರಿಹೋಗಿ ರಾತ್ರಿ ನಿದ್ದೆಯೂ ಹೊತ್ತಿಗೆ ಬರುತ್ತದೆ. ಸುಮ್ನೆ ನಿಲ್ಲಲು ಬೇಜಾರಾದರೆ ಒಂದು ಮೊರ ಅವರೆಕಾಯಿ ತಂದು ಜಗಲಿಯಲ್ಲಿ ಸುಲಿಯಲು ಕೂರಿ. ಪಕ್ಕದ ಮನೆಯವರು ತಾವಾಗಿಯೇ ಬಂದು ಕೈಹಾಕುತ್ತಾರೆ. ಬೆರಳಿಗೆ ಅಂಟುವ ಆ ಸೊಗಡು ಮಧ್ಯಾಹ್ನದ ತನಕ ಹೋಗುವುದಿಲ್ಲ. ನನಗಂತೂ ಯಾವ ಕ್ರೀಮಿನ ಪರಿಮಳವೂ ಅದಕ್ಕೆ ಸಮ ಅಲ್ಲ.

ಎರಡು ವಾರ ಕಳೆದರೂ ಏನೂ ಬೇಡ ಅನ್ನಿಸುತ್ತಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಅದನ್ನು ಚಳಿಯ ತಲೆಗೆ ಕಟ್ಟಬೇಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ರಾತ್ರಿಗೆ ಉಳಿದದ್ದು ಹಿಮ್ಮಡಿ. ಬಿರುಕಿಗೆ ರಗ್ಗಿನ ದಾರ ಸಿಕ್ಕಿ ಚುರ್ ಅಂದಾಗಲೇ ನಮಗೆ ಅದರ ನೆನಪು. ಹತ್ತು ನಿಮಿಷ ಬೆಚ್ಚನೆ ನೀರಿನಲ್ಲಿ ನೆನೆಸಿ, ಹಗುರವಾಗಿ ಉಜ್ಜಿ, ದಪ್ಪಗೆ ವ್ಯಾಸಲಿನ್ ಬಳಿದು ಕಾಟನ್ ಸಾಕ್ಸ್ ಹಾಕಿ ಮಲಗಿ. ಒಂದೆರಡು ವಾರ ಬಿಡದೆ ಮಾಡಿ. ಸಕ್ಕರೆ ಕಾಯಿಲೆ ಇರುವವರು ಮಾತ್ರ ನೆನೆಸುವುದು, ಉಜ್ಜುವುದು ಬೇಡ. ಬಿರುಕಿನಲ್ಲಿ ರಕ್ತ ಕಂಡರೆ ಅದೇ ದಿನ ಡಾಕ್ಟರಿಗೆ ತೋರಿಸಿ.