ಒಂಟಿಯಾಗಿ ಇಂಪು, ಗುಂಪಿನಲ್ಲಿ ಸಪ್ಪೆ: ರೋಲ್ಯಾಂಡ್ ಜೆವಿ-1080ರಲ್ಲಿ ಎಫೆಕ್ಟ್ ಹಂಚುವ ಬಗೆ

ಕೀಲಿಮಣೆಯಿಲ್ಲದ, ಹೊರಗಿನ ಕೀಬೋರ್ಡ್ ಅಥವಾ ಕಂಪ್ಯೂಟರಿನಿಂದ ನುಡಿಸುವ ಸಿಂಥಸೈಜರ್ ಜೆವಿ-1080 ಬಂದದ್ದು 1994ರಲ್ಲಿ. ರ‍್ಯಾಕ್‌ನಲ್ಲಿ ಎರಡು ಯೂನಿಟ್ ಎತ್ತರದ ಪೆಟ್ಟಿಗೆ, 64 ವಾಯ್ಸ್, 16 ಪಾರ್ಟ್ (ಒಂದೊಂದು ವಾದ್ಯಕ್ಕೆ ಒಂದೊಂದು ಸ್ಥಾನ). ಸೆಕೆಂಡ್ ಹ್ಯಾಂಡ್ ಕೊಂಡವರು ಮೊದಲ ದಿನ ಪ್ಯಾಚ್‌ಗಳನ್ನು (ಒಳಗಿರುವ ವಾದ್ಯಧ್ವನಿಗಳನ್ನು) ಒಂದೊಂದಾಗಿ ನುಡಿಸಿ ಹಿಗ್ಗುತ್ತಾರೆ. ಮರುದಿನ ಅವೇ ಪ್ಯಾಚ್‌ಗಳನ್ನು, ಹಲವನ್ನು ಒಟ್ಟಿಗೆ ನುಡಿಸುವ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ಜೋಡಿಸಿದರೆ ಸ್ಟ್ರಿಂಗ್ಸ್ ಬಡಕಲು, ಆರ್ಗನ್ನಿನ ರೋಟರಿ (ತಿರುಗುವ ಸ್ಪೀಕರಿನ ಎಫೆಕ್ಟ್) ಮಾಯ, ಪಿಯಾನೋ ಮೇಲೆ ಗಿಟಾರಿನ ಡಿಸ್ಟಾರ್ಷನ್. ಯಂತ್ರ ಕೆಟ್ಟಿಲ್ಲ. ಒಬ್ಬರಿಗಾಗಿ ಇಟ್ಟ ಅಡುಗೆಮನೆಗೆ ಹದಿನಾರು ಜನ ನುಗ್ಗಿದ್ದಾರೆ, ಅಷ್ಟೇ.

ಒಳಗಿರುವುದು ಮೂರು ಎಫೆಕ್ಟ್ ಘಟಕಗಳು: 40 ಬಗೆಗಳಿರುವ ಇಎಫ್‌ಎಕ್ಸ್, ಸ್ವರವನ್ನು ದಪ್ಪವಾಗಿಸುವ ಒಂದು ಕೋರಸ್, ಕೋಣೆಯ ಅನುರಣನ ಕೊಡುವ ಒಂದು ರಿವರ್ಬ್. ಪ್ಯಾಚ್ ಮೋಡ್‌ನಲ್ಲಿ ಮೂರೂ ಆ ಒಂದು ಪ್ಯಾಚಿನ ಸ್ವತ್ತು. ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ಅದೇ ಮೂರನ್ನು ಎಲ್ಲ ಪಾರ್ಟ್‌ಗಳೂ ಹಂಚಿಕೊಳ್ಳಬೇಕು. ಕೋರಸ್ ಮತ್ತು ರಿವರ್ಬ್ ಹಂಚಿಕೊಂಡರೆ ದೊಡ್ಡ ನಷ್ಟವಿಲ್ಲ, ಒಂದೇ ಕೋಣೆಯಲ್ಲಿ ನುಡಿಸಿದಂತೆ ಕೇಳಿಸುತ್ತದೆ. ತೊಂದರೆ ಇಎಫ್‌ಎಕ್ಸ್‌ನದು. ಒಂದು ಪಾರ್ಟ್‌ಗೆ ಓವರ್‌ಡ್ರೈವ್ (ಒರಟು ನಾದ), ಇನ್ನೊಂದಕ್ಕೆ ಸ್ಟೀರಿಯೋ ಡಿಲೇ (ಪ್ರತಿಧ್ವನಿ) ಬೇಕೆಂದರೆ ಒಂದೇ ಘಟಕ ಎರಡು ಕೆಲಸ ಮಾಡದು. (1997ರ ಜೆವಿ-2080ರಲ್ಲಿ ಮೂರು ಇಎಫ್‌ಎಕ್ಸ್ ಕೊಟ್ಟದ್ದು ಇದೇ ಕೊರತೆ ನೀಗಲು.)

ಹಾಗಾಗಿ ಮೊದಲು ತೀರ್ಮಾನ, ಆಮೇಲೆ ಬಟನ್. ಹಾಡಿನಲ್ಲಿ ಎಫೆಕ್ಟ್ ಇಲ್ಲದೆ ಗುರುತೇ ಸಿಗದ ಸ್ವರ ಯಾವುದು? ಸಾಮಾನ್ಯವಾಗಿ ಆರ್ಗನ್ ಅಥವಾ ಲೀಡ್ ಗಿಟಾರ್. ಅದು 3ನೇ ಪಾರ್ಟ್‌ನಲ್ಲಿದೆ ಎನ್ನಿ. ಪರ್ಫಾರ್ಮೆನ್ಸಿನ ಎಫೆಕ್ಟ್ ಪುಟಗಳಲ್ಲಿ ಇಎಫ್‌ಎಕ್ಸ್ ಸೋರ್ಸ್ ಅನ್ನು 3 ಮಾಡಿ. ಆ ಪಾರ್ಟ್‌ನ ಪ್ಯಾಚ್ ತನ್ನ ಇಎಫ್‌ಎಕ್ಸ್ ಸೆಟ್ಟಿಂಗನ್ನು ತಾನೇ ಹೊತ್ತು ತರುತ್ತದೆ, ಕೈಯಲ್ಲಿ ನಕಲು ಮಾಡುವ ಗೋಜಿಲ್ಲ.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು, ಎಡವುವುದೂ ಇಲ್ಲೇ. ಪ್ರತಿ ಪಾರ್ಟ್‌ಗೂ ಔಟ್‌ಪುಟ್ ಅಸೈನ್ ಎಂಬ ಆಯ್ಕೆ ಇದೆ. ಅದು ‘ಪ್ಯಾಚ್’ ಎಂದಿದ್ದರೆ ಪ್ಯಾಚಿನೊಳಗಿನ ಟೋನ್‌ಗಳು (ಪ್ಯಾಚ್ ಕಟ್ಟುವ ಧ್ವನಿಪದರಗಳು) ತಮಗೆ ಬರೆದಿಟ್ಟ ದಾರಿಯಲ್ಲೇ ಹೋಗುತ್ತವೆ. ಪಿಯಾನೋದ ಟೋನ್‌ಗಳು ನಾದಕ್ಕೆ ಹೊಳಪು ಕೊಡುವ ಎನ್‌ಹ್ಯಾನ್ಸರ್ ಇರುತ್ತದೆಂದು ನಂಬಿ ಇಎಫ್‌ಎಕ್ಸ್‌ನತ್ತ ನಡೆಯುತ್ತವೆ. ಅಲ್ಲಿ ಈಗ ಕೂತಿರುವುದು ಗಿಟಾರಿನ ಡಿಸ್ಟಾರ್ಷನ್. ಪರಿಹಾರ: 3ನೇ ಪಾರ್ಟ್ ಬಿಟ್ಟು ಉಳಿದೆಲ್ಲವನ್ನೂ ‘ಮಿಕ್ಸ್’ ಮಾಡಿ, ಆಗ ಅವು ಇಎಫ್‌ಎಕ್ಸ್‌ಗೆ ಹೋಗುವುದಿಲ್ಲ. ಡ್ರಮ್ಸ್ ಇರುವ 10ನೇ ಪಾರ್ಟನ್ನು ಮರೆಯಬೇಡಿ. ಬಳಿಕ ಬಡಕಲಾದ ಸ್ವರಗಳಿಗೆ ಕೋರಸ್ ಸೆಂಡ್, ರಿವರ್ಬ್ ಸೆಂಡ್ (ಆ ಎಫೆಕ್ಟಿಗೆ ಹೋಗುವ ಪ್ರಮಾಣ) ಏರಿಸಿ ಜೀವ ತುಂಬಿ. ಸ್ಟ್ರಿಂಗ್ಸ್, ಪ್ಯಾಡ್‌ಗಳಿಗೆ ಇಷ್ಟು ಸಾಕು. ಬೇಸ್‌ಗೆ ಎರಡೂ 0 ಇರಲಿ, ಇಲ್ಲವಾದರೆ ಕೆಳಸ್ವರ ಕೆಸರಾಗುತ್ತದೆ. ಸೆಂಡ್ ಏರಿಸಿದರೂ ಏನೂ ಕೇಳದಿದ್ದರೆ ಕೋರಸ್, ರಿವರ್ಬ್ ಸ್ವಿಚ್‌ಗಳೇ ಆಫ್ ಆಗಿವೆಯೇ ನೋಡಿ, ಆಮೇಲೆ ಟೋನ್‌ಗಳ ಒಳಗಿನ ಸೆಂಡ್ 0 ಇದೆಯೇ ನೋಡಿ.

ಹೊರಗಿನ ರಿವರ್ಬ್ ಅಥವಾ ಮಿಕ್ಸರ್ ಇದ್ದರೆ ಹಿಂಬದಿಯ ಆರು ಔಟ್‌ಪುಟ್‌ಗಳನ್ನು ಬಳಸಿ: ಒಂದು ಜೋಡಿ ಮಿಕ್ಸ್, ಎರಡು ಜೋಡಿ ಡೈರೆಕ್ಟ್. ಡ್ರಮ್ಸ್ ಡೈರೆಕ್ಟ್ 1ಕ್ಕೆ, ಬೇಸ್ ಡೈರೆಕ್ಟ್ 2ಕ್ಕೆ ಕಳಿಸಿ, ಅವುಗಳ ಸೆಂಡ್‌ಗಳನ್ನು 0ಗಿಳಿಸಿ. ಮಿಕ್ಸ್ ಜೋಡಿಯಲ್ಲಿ ಎಡದ ಜ್ಯಾಕ್ ಒಂದನ್ನೇ ಚುಚ್ಚಿದರೆ ಸಿಗುವುದು ಮೋನೋ, ಸ್ಟೀರಿಯೋ ಎಫೆಕ್ಟಿನ ಅರ್ಧ ಸೊಗಸು ಅಲ್ಲೇ ಹೋಯಿತು. ಇವೆಲ್ಲ ಅನ್‌ಬ್ಯಾಲೆನ್ಸ್ಡ್ (ಉದ್ದ ಕೇಬಲ್‌ನಲ್ಲಿ ಗದ್ದಲ ಹಿಡಿಯುವ) ಔಟ್‌ಪುಟ್‌ಗಳು, ಕೇಬಲ್ ಗಿಡ್ಡವಿರಲಿ. ವೇದಿಕೆಯಿಂದ ದೂರದ ಮಿಕ್ಸರ್‌ಗೆ ಹೋಗಬೇಕಾದರೆ ಅದನ್ನು ಬ್ಯಾಲೆನ್ಸ್ಡ್ ಮಾಡುವ ಡಿಐ ಬಾಕ್ಸ್ ಹಾಕಿ.

ರೆಕಾರ್ಡಿಂಗ್‌ಗಾದರೆ ಈ ಚೌಕಾಸಿಯೇ ಬೇಡ. ಸೀಕ್ವೆನ್ಸ್ (ಕಂಪ್ಯೂಟರಿನಲ್ಲಿ ದಾಖಲಿಸಿಟ್ಟ ಸ್ವರಗಳ ಸಾಲು) ಓಡಿಸಿ ಒಂದು ಸಲಕ್ಕೆ ಒಂದು ಪಾರ್ಟನ್ನು ಪ್ಯಾಚ್ ಮೋಡ್‌ನಲ್ಲೇ, ಪೂರ್ತಿ ಎಫೆಕ್ಟ್ ಸಮೇತ ಆಡಿಯೋ ಆಗಿ ಇಳಿಸಿಕೊಳ್ಳಿ. ಎಂಟು ಪಾರ್ಟ್ ಇದ್ದರೆ ಎಂಟು ಸಲ ಓಡಿಸಬೇಕು. ಬೇಸರದ ಕೆಲಸ, ಆದರೆ ಫಲಿತಾಂಶಕ್ಕೆ ಸಾಟಿಯಿಲ್ಲ.

ಸ್ವರ ಕತ್ತರಿಸಿದರೆ

64 ವಾಯ್ಸ್ ಎಂದರೆ 64 ಸ್ವರಗಳಲ್ಲ. ಒಂದು ಪ್ಯಾಚಿನಲ್ಲಿ ನಾಲ್ಕು ಟೋನ್‌ಗಳವರೆಗೆ ಇರಬಹುದು, ನುಡಿಯುವ ಪ್ರತಿ ಟೋನ್‌ಗೂ ಒಂದು ವಾಯ್ಸ್ ಬೇಕು. ನಾಲ್ಕೂ ನುಡಿದರೆ 16 ಸ್ವರಕ್ಕೇ ಖಜಾನೆ ಖಾಲಿ. ಪೆಡಲ್ ಒತ್ತಿ ಉದ್ದ ರಿಲೀಸ್‌ನ (ಕೀಲಿ ಬಿಟ್ಟ ಮೇಲೂ ಉಳಿಯುವ) ಪ್ಯಾಡ್ ಹಿಡಿದರೆ ಡ್ರಮ್ಸ್ ನಡುವೆ ಹಲ್ಲು ಬಿದ್ದಂತಾಗುವುದು ಇದರಿಂದ. ವಾಯ್ಸ್ ರಿಸರ್ವ್‌ನಲ್ಲಿ 10ನೇ ಪಾರ್ಟ್‌ಗೆ 8, ಬೇಸ್‌ಗೆ 2ರಿಂದ 4 ಕಾಯ್ದಿರಿಸಿ. ಪ್ಯಾಡಿನಲ್ಲಿ ಕಿವಿಗೆ ಗೊತ್ತೇ ಆಗದ ಒಂದೆರಡು ಟೋನ್ ಆಫ್ ಮಾಡುವುದು ಇನ್ನೂ ಒಳ್ಳೆಯ ಉಪಾಯ.

ಮಿಡಿ ಕಡೆಯ ಎರಡು ಉಪದ್ರವ

ಮಿಡಿ ಎಂದರೆ ಕೀಬೋರ್ಡ್, ಕಂಪ್ಯೂಟರ್‌ಗಳು ಇಂಥ ಯಂತ್ರಕ್ಕೆ ಸಂದೇಶ ಕಳಿಸುವ ಭಾಷೆ. ಒಂದು ಪಾರ್ಟಿನ ಪ್ಯಾಚ್ ಬದಲಿಸಲು ಹೋದರೆ ಇಡೀ ಪರ್ಫಾರ್ಮೆನ್ಸೇ ಬದಲಾಗುತ್ತಿದೆಯೇ? ಸಿಸ್ಟಮ್‌ನ ಕಂಟ್ರೋಲ್ ಚಾನೆಲ್ ಆ ಪಾರ್ಟಿನ ಚಾನೆಲ್‌ಗೆ ತಾಕಿಕೊಂಡಿದೆ. ಅದನ್ನು ಆಫ್ ಮಾಡಿ. ಬ್ಯಾಂಕ್ (ಪ್ಯಾಚ್‌ಗಳ ಗುಂಪು) ಆರಿಸಲು ಮೊದಲು ಸಿಸಿ (ಕಂಟ್ರೋಲ್ ಚೇಂಜ್ ಎಂಬ ಸಂದೇಶ) 0, ಆಮೇಲೆ ಸಿಸಿ 32, ಕೊನೆಗೆ ಪ್ರೋಗ್ರಾಮ್ ಚೇಂಜ್. ಕ್ರಮ ತಪ್ಪಿದರೆ ಹಳೆ ಬ್ಯಾಂಕಿನ ಸ್ವರವೇ ಬರುತ್ತದೆ. ಯೂಸರ್ ಬ್ಯಾಂಕ್‌ಗೆ 80 ಮತ್ತು 0. ಪ್ರೀಸೆಟ್ ಎ, ಬಿ, ಸಿ, ಡಿಗಳಿಗೆ ಸಿಸಿ 0ರಲ್ಲಿ 81, ಸಿಸಿ 32ರಲ್ಲಿ ಕ್ರಮವಾಗಿ 0, 1, 2, 3. ಬ್ಯಾಂಕನ್ನು ಒಂದೇ ಸಂಖ್ಯೆಯಾಗಿ ಕೇಳುವ ಸಾಫ್ಟ್‌ವೇರ್‌ನಲ್ಲಿ 81ನ್ನು 128ರಿಂದ ಗುಣಿಸಿ: ಪ್ರೀಸೆಟ್ ಎ ಅಂದರೆ 10368. ಸ್ವರ ಪಕ್ಕದ್ದು ಬಂದರೆ ಸಾಫ್ಟ್‌ವೇರ್ 0ಯಿಂದ ಎಣಿಸುತ್ತಿದೆ, ಯಂತ್ರ 1ರಿಂದ.

ಇನ್ನೊಂದು ತಾಳದ ವಿಷಯ. ಮಿಡಿ ತಂತಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಸ್ವರದ ಸಂದೇಶಕ್ಕೆ ಸುಮಾರು 1 ಮಿಲಿಸೆಕೆಂಡ್. ಸಮದ ಮೇಲೆ 15 ಸ್ವರ ಒಟ್ಟಿಗೆ ಬಿದ್ದರೆ ಕೊನೆಯದು ಹೆಚ್ಚುಕಡಿಮೆ 15 ಮಿಲಿಸೆಕೆಂಡ್ ತಡ. ಕಿಕ್ ಡ್ರಮ್ ಸಾಲಿನ ಕೊನೆಗೆ ಸಿಕ್ಕಿಕೊಂಡರೆ ಪೆಟ್ಟು ಜಾರಿದಂತೆ ಕೇಳುತ್ತದೆ. ಸೀಕ್ವೆನ್ಸರ್‌ನಲ್ಲಿ ಡ್ರಮ್ಸ್ ಟ್ರ್ಯಾಕನ್ನು ಮೇಲಿಡಿ, ಪ್ಯಾಡನ್ನು ಒಂದೆರಡು ಟಿಕ್ (ಸೀಕ್ವೆನ್ಸರ್ ಅಳೆಯುವ ಅತಿ ಸಣ್ಣ ಕಾಲ) ತಡವಾಗಿ ಬರುವಂತೆ ಸರಿಸಿ.

ನಮ್ಮ ಶ್ರುತಿಗೆ

ಎಕ್ಸ್‌ಪಾನ್ಷನ್ ಬೋರ್ಡ್‌ಗೆ ನಾಲ್ಕು ಜಾಗ ಇವೆ. ಸಿತಾರ್, ತಬಲಾ ಬೇಕಾದವರು ಹುಡುಕಬೇಕಾದದ್ದು ಎಸ್‌ಆರ್-ಜೆವಿ80 ಸರಣಿಯ 05 ಅಥವಾ 14. ನಂತರದ ಎಸ್‌ಆರ್‌ಎಕ್ಸ್ ಬೋರ್ಡ್‌ಗಳು ಇದಕ್ಕೆ ಕೂರುವುದಿಲ್ಲ, ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ತಂಬೂರಿಯೊಂದಿಗೆ ನುಡಿಸುವಾಗ ಗಾಂಧಾರ ಚುಚ್ಚುತ್ತದಲ್ಲ, ಅದಕ್ಕೆ ಸ್ಕೇಲ್ ಟ್ಯೂನ್ ಇದೆ. ಷಡ್ಜ ಸಿ ಆಗಿದ್ದರೆ ಇ (ಅಂತರ ಗಾಂಧಾರ) -14, ಜಿ +2, ಎ -16, ಬಿ -12 ಸೆಂಟ್ ಇಡಿ. ಒಂದೂವರೆ ಮನೆ (ಸಿ ಶಾರ್ಪ್) ಶ್ರುತಿಗೆ ಈ ಅಂಕಿಗಳೆಲ್ಲ ಒಂದೊಂದು ಕೀಲಿ ಬಲಕ್ಕೆ ಸರಿಯಬೇಕು.

ಪವರ್ ಕೊಡುವ ಮುನ್ನ ಹಿಂಬದಿಯ ಚೀಟಿ ಓದಿ. ಜಪಾನಿನಿಂದ ಬಂದದ್ದು 100 ವೋಲ್ಟ್, ಅಮೆರಿಕದ್ದು 117; ನಮ್ಮ 230ಕ್ಕೆ ನೇರ ಚುಚ್ಚಿದರೆ ಪವರ್ ಸಪ್ಲೈ ಸುಡುತ್ತದೆ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇಬೇಕು. ರ‍್ಯಾಕ್‌ನಲ್ಲಿ ಪವರ್ ಆಂಪ್ಲಿಫೈಯರ್ ಮೇಲೆ ಕೂರಿಸಬೇಡಿ. ಯೂಸರ್ ಮೆಮೊರಿ ಕಾಯುವುದು ಒಳಗಿನ 3 ವೋಲ್ಟ್ ಸೆಲ್. ಬ್ಯಾಟರಿ ಲೋ ಎಂದು ತೋರಿಸಿದ ದಿನವೇ ಯುಟಿಲಿಟಿಯಿಂದ ಇಡೀ ಯೂಸರ್ ಮೆಮೊರಿಯನ್ನು ಮಿಡಿ ಮೂಲಕ ಕಂಪ್ಯೂಟರಿಗೆ ಇಳಿಸಿ. ಅಗ್ಗದ ಯುಎಸ್‌ಬಿ-ಮಿಡಿ ಕೇಬಲ್‌ಗಳು ಉದ್ದನೆಯ ಡಂಪ್‌ನಲ್ಲಿ ಬೈಟ್ ನುಂಗುತ್ತವೆ. ಆದ್ದರಿಂದ ಇಳಿಸಿದ ಫೈಲನ್ನು ವಾಪಸ್ ಕಳಿಸಿ, ಮಾಡಿಟ್ಟ ಪ್ಯಾಚ್‌ಗಳು ಸರಿಯಾಗಿ ನುಡಿಯುತ್ತವೆಯೇ ಕೇಳಿ ನೋಡಿದ ಮೇಲೆಯೇ ಸೆಲ್ ಬಿಚ್ಚಿಸಿ.