ಮಳೆಗೆ ಮುಂಚೆ ದೋಣಿಗೊಂದು ಸ್ನಾನ

ಕಾರವಾರದ ಕೋಡಿಬಾಗದ ಕಡೆ, ಕಾಳಿ ನದಿ ಸಮುದ್ರ ಸೇರುವಲ್ಲಿ ಒಂದು ಸುತ್ತು ಹೋಗಿ ಬಂದು ದೋಣಿಯನ್ನು ಹಾಗೇ ಬಿಸಿಲಿಗೆ ಬಿಡಿ. ಸಂಜೆ ಅಂಚಿನ ಮೇಲೆ ಬೆರಳಾಡಿಸಿದರೆ ಬಿಳಿ ಪುಡಿ ಅಂಟುತ್ತದೆ. ಉಪ್ಪು. ಒಣ ಬಟ್ಟೆಯಲ್ಲಿ ಒರೆಸೋಣ ಅನ್ನಿಸುತ್ತದೆ ಅಲ್ವಾ? ಬೇಡ. ಆ ಹರಳುಗಳೇ ಮೈಗೆ ಗೀರು ಹಾಕುತ್ತವೆ.

ಮೊದಲು ಸಿಹಿನೀರು, ಧಾರಾಳವಾಗಿ. ಕಡಲಂಚಿನ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಬಾಯಿಗೆ ಹಾಕಿ ನೋಡಿ ಬಳಸಿ. ಮೇಲಿನಿಂದ ಕೆಳಕ್ಕೆ ತೊಳೆಯುತ್ತಾ ಬನ್ನಿ. ಸ್ಟೀಲ್ ಕಂಬಿ, ಹಗ್ಗ ಕಟ್ಟುವ ಕೊಂಡಿಗಳ ಬುಡ ಮರೆಯಬೇಡಿ. ಆಮೇಲೆ ಕಾರು ತೊಳೆಯುವ ಶಾಂಪೂ, ಮೆತ್ತನೆ ಬ್ರಷ್. ನೊರೆ ಒಣಗುವ ಮೊದಲೇ ನೀರು ಹೊಯ್ಯಬೇಕು.

ಫೈಬರ್ ದೋಣಿಯ ಹೊಳಪಿನ ಹೊರಪದರಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ಅದರ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು, ಅಷ್ಟೇ. ಪಾತ್ರೆ ತಿಕ್ಕುವ ಹಾಗೆ ತಿಕ್ಕಬಾರದು. ನಾನೊಮ್ಮೆ ಸ್ಟೀಲ್ ನಾರಿನಿಂದ ಉಜ್ಜಿ, ಫಳಫಳ ಅಂತ ಖುಷಿಪಟ್ಟಿದ್ದೆ. ಕೆಲವೇ ದಿನಕ್ಕೆ ಮೈತುಂಬ ಕಂದು ಚುಕ್ಕೆ. ಮುರಿದು ಸಿಕ್ಕಿಕೊಂಡಿದ್ದ ನಾರಿನ ಚೂರುಗಳು ತುಕ್ಕು ಹಿಡಿದಿದ್ದವು.

ತೊಳೆದು ಒಣಗಿದ ಮೇಲೂ ಕೈಗೆ ಸುಣ್ಣದಂಥ ಪುಡಿ ಹತ್ತಿದರೆ ಅದು ಉಪ್ಪಲ್ಲ, ಬಿಸಿಲಿಗೆ ಸವೆದ ಜೆಲ್‌ಕೋಟ್. ನೆರಳಲ್ಲಿಟ್ಟು, ಸವೆದ ಪದರವನ್ನು ಉಜ್ಜಿ ತೆಗೆಯುವ ಪೇಸ್ಟ್, ಅಂದರೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ. ಮೊದಲು ಮೂಲೆಯಲ್ಲಿ ಅಂಗೈಯಗಲ ಮಾಡಿ ನೋಡಿ. ನಂತರ ದೋಣಿಯ ವ್ಯಾಕ್ಸ್. ಕಾಲಿಡುವ ಜಾಗಕ್ಕೆ ಮಾತ್ರ ವ್ಯಾಕ್ಸ್ ಬೇಡ, ಜಾರಿ ಬೀಳುತ್ತೀರಿ.

ಜಾಸ್ತಿ ಕೆಲಸ ಇರುವುದು ತಳದಲ್ಲಿ. ನೀರಲ್ಲೇ ನಿಲ್ಲುವ ದೋಣಿಗೆ ಪಾಚಿ ಹಿಡಿಯುತ್ತದೆ, ಬಾರ್ನಕಲ್ ಎಂಬ ಬಿಳಿ ಚಿಪ್ಪಿನ ಜೀವಿ ಅಂಟುತ್ತದೆ. ದೋಣಿ ಮೇಲೆ ಎಳೆದ ದಿನವೇ, ತಳ ಒದ್ದೆಯಿರುವಾಗಲೇ, ಮರದ ಇಲ್ಲವೇ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ನಾಳೆ ನೋಡೋಣ ಅಂದರೆ ಸಿಮೆಂಟಿನ ಹಾಗೆ ಗಟ್ಟಿಯಾಗಿರುತ್ತದೆ. ಅವು ಅಂಟದಿರಲು ಬಳಿಯುವ ಆಂಟಿಫೌಲಿಂಗ್ ಬಣ್ಣದಲ್ಲಿ ಸಾಮಾನ್ಯವಾಗಿ ತಾಮ್ರ ಇರುತ್ತದೆ. ಹಳೆ ಬಣ್ಣವನ್ನು ಒಣ ಉಜ್ಜಿದರೆ ವಿಷದ ಧೂಳು. ನೀರು ಹಾಕುತ್ತಾ, ಮಾಸ್ಕ್ ಮತ್ತು ಗ್ಲೌಸ್ ಹಾಕಿಕೊಂಡು ಉಜ್ಜಿ. ಕೆಳಗೆ ತಾಡಪಾಲು ಹಾಸಿ; ಆ ರಾಡಿ ಹೊಳೆಗೆ ಹೋಗಬಾರದು. ಪ್ರತಿ ಸಲ ಟ್ರೇಲರ್ ಮೇಲೆ ಮನೆಗೆ ಬರುವ ದೋಣಿಗೆ ಈ ಬಣ್ಣದ ಖರ್ಚು ಸುಮ್ನೆ. ಎಂಜಿನ್ ಹತ್ತಿರ ಸತುವಿನ ತುಂಡೊಂದು ಇರುತ್ತದೆ. ಲೋಹದ ಭಾಗಗಳ ಬದಲು ತಾನು ಸವೆಯುವುದೇ ಅದರ ಕೆಲಸ. ಅದಕ್ಕೆ ಬಣ್ಣ ಬಳಿಯಬೇಡಿ. ಅರ್ಧ ಸವೆದಿದ್ದರೆ ಹೊಸದು ಹಾಕಿಸಿ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಮೋಜಿನ ದೋಣಿಯೂ ಆ ಹೊತ್ತಿಗೆ ದಡದಲ್ಲಿರಲಿ. ಮೂತಿ ಸ್ವಲ್ಪ ಎತ್ತರಕ್ಕಿಟ್ಟು, ಹಿಂದಿನ ಬಿರಡೆ ತೆಗೆಯಿರಿ, ಮಳೆನೀರು ಹರಿದುಹೋಗಲಿ. ತಾಡಪಾಲು ಮೈಗೆ ಅಂಟಿದರೆ ಬೂಸ್ಟು ಬರುತ್ತದೆ. ನಡುವೆ ಬಿದಿರು ಕೊಟ್ಟು ಗಾಳಿ ಆಡಲು ಬಿಡಿ. ತೆಗೆದ ಬಿರಡೆಯನ್ನು ಎಂಜಿನ್ ಕೀಲಿಗೇ ಕಟ್ಟಿಡಿ.